ಸ್ಪ್ರಿಂಗ್ ಡಬ್ಬಿಯ ಹ್ಯಾಮು

ಅನುಮಾನ ನನ್ನ ಹುಟ್ಟುಗುಣ. ಹಾಲು ತೆಳ್ಳಗಿದ್ದರೆ ಹಾಲಿನವನ ಮೇಲೆ ಅನುಮಾನ, ಗಟ್ಟಿಯಾಗಿದ್ದರೆ ಇನ್ನೂ ಹೆಚ್ಚು ಅನುಮಾನ. ಇನ್ನು ಪ್ಯಾಕೆಟ್ಟಿನ ಚಿಕನ್ ಹ್ಯಾಮನ್ನು, ಅಂದರೆ ಒತ್ತಿ ಬೇಯಿಸಿದ ಕೋಳಿಮಾಂಸದ ಹೋಳುಗಳನ್ನು, ನಂಬುವ ಮಾತೆಲ್ಲಿ ಬಂತು? ಗೋವಾದ ಆಫೀಸಿನಲ್ಲಿದ್ದಾಗ ಅದರ ರುಚಿ ಹತ್ತಿತ್ತು, ನಿಜ. ಆದರೆ ಒಂದೊಂದು ಹೋಳೂ ಅಷ್ಟು ದುಂಡಗಿರುತ್ತದಲ್ಲ, ಅಂಥ ಮೈಕಟ್ಟಿನ ಕೋಳಿಯನ್ನು ನಾನಂತೂ ಎಲ್ಲೂ ಕಂಡಿಲ್ಲ. ಒಳಗೆ ಏನೇನು ಒತ್ತಿರುತ್ತಾರೋ ಎಂದುಕೊಂಡೇ ತಿನ್ನುತ್ತಿದ್ದೆ. ಕೊನೆಗೆ, ನಾನೇ ಒತ್ತಿಬಿಡುತ್ತೇನೆ ಎಂದು ಆನ್‌ಲೈನಿನಲ್ಲಿ ಅದಕ್ಕೆಂದೇ ಇರುವ ಡಬ್ಬಿ ತರಿಸಿದೆ. ಉದ್ದನೆಯ ಸ್ಟೀಲ್ ಡಬ್ಬಿ, ಮುಚ್ಚಳದಡಿ ಸ್ಪ್ರಿಂಗು, ಸ್ಪ್ರಿಂಗಿನಡಿ ಒಂದು ತಟ್ಟೆ. ಉಪ್ಪು ಹಾಕಿ ಅಂಟು ಬರುವವರೆಗೆ ನಾದಿದ ಮಾಂಸದ ಚೂರುಗಳನ್ನು ಗಾಳಿ ಉಳಿಯದಂತೆ ತುಂಬಿ, ಮುಚ್ಚಳ ಬಿಗಿದು, ಕುದಿ ಬಾರದ ಬಿಸಿನೀರಿನಲ್ಲಿ ನಿಧಾನವಾಗಿ ಬೇಯಿಸಿ, ಆಮೇಲೆ ಫ್ರಿಜ್ಜಿನಲ್ಲಿಟ್ಟರೆ ಎಲ್ಲ ಒಂದಾಗಿ ಗಟ್ಟಿಯಾಗುತ್ತದೆ. ಬೇಕಾದಷ್ಟು ತೆಳ್ಳಗೆ ಕೊಯ್ದುಕೊಳ್ಳಬಹುದು.

ತೊಂದರೆ ಇದ್ದದ್ದು ಮನೆಯದು. ಮಂಗಳೂರು ಕಡೆಯವರಾದ ನಾವು ವಿಮಾ ಕಂಪನಿಯ ವರ್ಗಾವಣೆಯಲ್ಲಿ ವಡೋದರಾಕ್ಕೆ ಬಂದಾಗ, ಬಾಡಿಗೆ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆದಿತ್ತು. ಅಂತೂ ಸಿಕ್ಕ ಮನೆಯ ಮಾಲೀಕರು ಕೀಲಿ ಕೊಡುವಾಗ ಹಾಕಿದ್ದು ಒಂದೇ ಷರತ್ತು: ಮೊಟ್ಟೆಯ ಓಡು ಸಿಕ್ಕರೂ ಅದೇ ತಿಂಗಳು ಮನೆ ಖಾಲಿ. ನಾನು ಧಾರಾಳವಾಗಿ ತಲೆಯಾಡಿಸಿದ್ದೆ.

"ಎಂತ ಹುಚ್ಚು ಮಾರಾಯ್ರೆ ನಿಮ್ಮದು? ಗೊತ್ತಾದ್ರೆ ನಮ್ಮನ್ನು ಓಡಿಸ್ತಾರೆ ಇಲ್ಲಿಂದ," ಎಂದಳು ನನ್ನ ಹೆಂಡತಿ ಶೈಲಾ. ಹಾಗೆಂದರೂ ಕಿಟಕಿ ಮುಚ್ಚಿದವಳು ಅವಳೇ, ಕಟ್ಟುಗಟ್ಟಲೆ ಊದುಬತ್ತಿ ಹಚ್ಚಿದವಳೂ ಅವಳೇ. ಭಾನುವಾರ ಡಬ್ಬಿ ಬೇಯುವಷ್ಟು ಹೊತ್ತೂ ನಾನು ಬಾಗಿಲ ಕಿಂಡಿಗೆ ಕಣ್ಣಿಟ್ಟಿರುತ್ತಿದ್ದೆ. ಎದುರುಮನೆಯ ಕೋಕಿಲಾಬೆನ್ ಲಿಫ್ಟಿಗೆ ಕಾದು ನಿಂತರೂ ವಾಸನೆ ಹಿಡಿಯುತ್ತಿದ್ದಾರೆ ಅನ್ನಿಸುತ್ತಿತ್ತು. ಕಸ ಒಯ್ಯುವವನು ನಕ್ಕರೆ ಅವನಿಗೆ ಮೂಳೆ ಸಿಕ್ಕಿದೆ ಎಂದೇ ಅರ್ಥ. ನಾನು ತರುತ್ತಿದ್ದುದು ಬೋನ್‌ಲೆಸ್ ಎಂಬುದು ಆಗ ನೆನಪಿಗೇ ಬರುತ್ತಿರಲಿಲ್ಲ.

ಈ ಊರಿನ ನೆರೆಯವರು ಹಜಾರದಲ್ಲಿ ನಿಲ್ಲುವವರಲ್ಲ, ನೇರ ಅಡುಗೆಮನೆಗೇ ಬರುತ್ತಾರೆ. ಒಂದು ಬೆಳಿಗ್ಗೆ ಮಜ್ಜಿಗೆಯ ಕಢಿ ಕೊಡಲು ಬಂದ ಕೋಕಿಲಾಬೆನ್, ತೊಳೆದು ಬೋರಲು ಹಾಕಿದ್ದ ಡಬ್ಬಿಯನ್ನು ಎತ್ತಿಕೊಂಡರು. "ಆ ಶುಂ ಛೆ, ಶೈಲಾಬೆನ್? ಇದೇನಿದು?"

"ಪನೀರ್ ಒತ್ತೋದು," ಎಂದಳು ಶೈಲಾ, ರೆಪ್ಪೆ ಅಲುಗಿಸದೆ. ನನಗೆ ಅವಳ ಮೇಲೆ ಅಭಿಮಾನ ಉಕ್ಕಿತು. ಮರುಕ್ಷಣ ಕೋಕಿಲಾಬೆನ್, "ಒಳ್ಳೇದೇ ಆಯ್ತು. ನಾಳೆ ನಮ್ಮನೇಲಿ ಸತ್ಸಂಗ, ಪನೀರ್ ಮಾಡಬೇಕು. ಒಯ್ಯಲಾ?" ಎಂದರು.

ನಿಜ ಹೇಳಿದರೆ ಮನೆ ಹೋಗುತ್ತದೆ. ಹೇಳದೆ ಕೊಟ್ಟರೆ, ಈರುಳ್ಳಿಯನ್ನೂ ಮುಟ್ಟದ ಆ ಹೆಂಗಸು ಕೋಳಿಯ ಡಬ್ಬಿಯಲ್ಲಿ ಪನೀರ್ ಒತ್ತಿ ಭಜನೆಗೆ ಬಂದವರಿಗೆಲ್ಲ ಬಡಿಸುತ್ತಾರೆ. ಶೈಲಾಗೆ ಡೆಂಗ್ಯೂ ಆದಾಗ ದಿನವೂ ಖಿಚಡಿ ತಂದುಕೊಟ್ಟವರು ಅವರು. ನನ್ನಂಥವನಿಗೂ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಡಬ್ಬಿಯನ್ನು ಹೆಚ್ಚುಕಡಿಮೆ ಅವರ ಕೈಯಿಂದ ಕಿತ್ತುಕೊಂಡು, "ಇದನ್ನು ಬೇರೆಯವರು ಮುಟ್ಟಬಾರದು ಬೆನ್. ನಿಮಗೆ ಹೊಸದೇ ತರಿಸಿಕೊಡ್ತೇನೆ," ಎಂದುಬಿಟ್ಟೆ.

ಅವರು ನನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು, ಸರಸರನೆ ಹೊರಟುಹೋದರು. ನಮ್ಮ ಕಥೆ ಮುಗಿಯಿತೆಂದು ನಾನು ಅಟ್ಟದಿಂದ ಸೂಟ್‌ಕೇಸು ಇಳಿಸಿದೆ.

ಸಂಜೆ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಚೇರ್ಮನ್ ಮನಸುಖಭಾಯಿ ಬಂದರು, ಹಿಂದೆಯೇ ಕೋಕಿಲಾಬೆನ್. ಚೇರ್ಮನ್ನರು ಕೂರುವ ಮೊದಲೇ ಕೈಮುಗಿದರು. "ಬೆನ್ ಎಲ್ಲ ಹೇಳಿದರು, ಸಾಹೇಬ್. ಭಾನುವಾರವಿಡೀ ಬಾಗಿಲು ಹಾಕಿ ಧೂಪ, ಪೂಜೆ. ಪನೀರಿನ ಡಬ್ಬಿಯನ್ನೂ ಪರರಿಗೆ ಮುಟ್ಟಲು ಬಿಡದ ಮಡಿ. ಸೌಥ್‌ನವರ ಆಚಾರದ ಬಗ್ಗೆ ಕೇಳಿದ್ದೆ, ಈಗ ಕಣ್ಣಾರೆ ಕಂಡೆ. ಇನ್ನು ಮೇಲೆ ಬಾಡಿಗೆಗೆ ಬರುವವರನ್ನು ನೀವೇ ಪರೀಕ್ಷೆ ಮಾಡಿ ಒಪ್ಪಬೇಕು." ಫ್ರಿಜ್ಜಿನಲ್ಲಿ ಅರ್ಧ ಹ್ಯಾಮು ಕೂತಿತ್ತು. ಅದಕ್ಕೆ ಬೆನ್ನು ಕೊಟ್ಟು ನಿಂತು ಒಪ್ಪಿಕೊಂಡೆ.

ಕಳೆದ ವಾರ ಮೂರನೇ ಮಹಡಿಯ ಮನೆಗೆಂದು ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ನಾನು ಬಾಯಿ ತೆರೆಯುವ ಮೊದಲೇ ಹುಡುಗ, "ನಾವು ಶುದ್ಧ ಶಾಕಾಹಾರಿ, ಅಂಕಲ್," ಎಂದ. ಕೇಳದೆ ಹೇಳುವವರನ್ನು ನಂಬುವುದು ಹೇಗೆ? ಫ್ರಿಜ್ಜು ಎಷ್ಟು ದೊಡ್ಡದು ಎಂದು ಕೇಳಿದೆ. ಹುಡುಗಿಯ ಮುಖ ಬಿಳಿಚಿಕೊಂಡಿತು. ಆಗುವುದಿಲ್ಲ ಎಂದು ಕಳಿಸಿದೆ.

"ಪಾಪ, ನಮ್ಮ ಹಾಗಿನವರೇ ಆಗಿದ್ರೋ ಏನೋ," ಎಂದಳು ಶೈಲಾ.

"ಅದಕ್ಕೇ ಬೇಡ ಅಂದದ್ದು," ಎಂದೆ. "ಒಂದು ಸೊಸೈಟಿಯಲ್ಲಿ ಹ್ಯಾಮು ಒತ್ತುವವರದು ಒಂದು ಮನೆ ಸಾಕು. ಎರಡಾದರೆ ಜನಕ್ಕೆ ಅನುಮಾನ ಬರ್ತದೆ."