ಯಾರೂ ಇಲ್ಲದ ಗ್ರೂಪ್ ಫೋಟೋ

ಎಲ್ಲ ಶುರುವಾದದ್ದು ಗಂಗರತ್ನಮ್ಮನ ಒಂದು ಆಕಳಿಕೆಯಿಂದ.

ಕೊಡಿಗೇಹಳ್ಳಿ ಯುವಕರ ಬಳಗ ಕಣ್ಣಿನ ತಪಾಸಣೆ ಶಿಬಿರ ನಡೆಸಿದಾಗ, ಬಳಗದ ಫೇಸ್‌ಬುಕ್ ಪೇಜ್ ನೋಡಿಕೊಳ್ಳುವ ಮುನೇಶ ಒಂದು ಫೋಟೋ ಹಾಕಿದ್ದ. ಅದರಲ್ಲಿ ಮುಂದೆ ಡಾಕ್ಟರು ಮಾತಾಡುತ್ತಿದ್ದರು, ಹಿಂದೆ ಗಂಗರತ್ನಮ್ಮ ಬಾಯಿ ತೆರೆದಿದ್ದರು. ಸಂಜೆಯ ಹೊತ್ತಿಗೆ ಡಾಕ್ಟರನ್ನು ಯಾರೋ ಕತ್ತರಿಸಿ ಎಸೆದಿದ್ದರು, ಬಾಯಿ ಮಾತ್ರ ವಾಟ್ಸಾಪ್ ಸ್ಟಿಕ್ಕರ್ ಆಗಿ ಊರೆಲ್ಲ ಓಡಾಡುತ್ತಿತ್ತು. ಮರುದಿನ ಹಾಲಿನ ಬೂತಿನ ಮುಂದೆ ನಿಂತ ಹುಡುಗರು ಗಂಗರತ್ನಮ್ಮನನ್ನು ಕಂಡೊಡನೆ ಸಾಲಾಗಿ ಆಕಳಿಸಿದರು.

ಬಳಗದ ಸಭೆಗೆ ಗಂಗರತ್ನಮ್ಮ ನೇರವಾಗಿ ಬಂದರು. "ನನ್ ಬಾಯಿ ನಂದು. ಅದನ್ನ ಊರೋರಿಗೆಲ್ಲ ತೋರ್ಸಕ್ಕೆ ಇವ್ನ್ಯಾರು?" ಎಂದರು. ಆಗ, ಸಮಾಜಕಾರ್ಯ ಓದುತ್ತಿದ್ದ ತೇಜಸ್ವಿನಿ ಎದ್ದು, ಸ್ವಯಂಸೇವಕರು ಸೋಶಿಯಲ್ ಮೀಡಿಯಾವನ್ನು ಜವಾಬ್ದಾರಿಯಿಂದ ಬಳಸಬೇಕೆಂದೂ, ಫೋಟೋದಲ್ಲಿರುವ ಪ್ರತಿಯೊಬ್ಬರನ್ನೂ ಕೇಳದೆ ಏನನ್ನೂ ಹಾಕಬಾರದೆಂದೂ ತಿಳಿಸಿದಳು. ಐವತ್ತು ದಾಟಿದರೂ ಯುವಕರ ಬಳಗದ ಅಧ್ಯಕ್ಷಗಿರಿಯನ್ನು ಬಿಟ್ಟುಕೊಡದ ಆನಂದಪ್ಪನವರು ಟೇಬಲ್ ಕುಟ್ಟಿ ಹೇಳಿದರು: "ಇನ್ನೊಂದ್ ಕಂಪ್ಲೇಂಟ್ ಬಂದ್ರೆ ಪೇಜೇ ಮುಚ್ಚಿಬಿಡೋಣ."

ಮುನೇಶನಿಗಿದ್ದದ್ದು ರೈಲ್ವೆ ಗೇಟಿನ ಬಳಿ ಒಂದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಬಲ್ಬು ಕೊಳ್ಳಲು ಬಂದವರು "ಆ ಪೇಜ್ ನಡ್ಸೋರು ನೀವೇ ಅಲ್ವಾ?" ಎಂದು ಕೇಳಿದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಪೇಜ್ ಹೋದರೆ ಅವನು ಬರೀ ಬಲ್ಬಿನವನು.

ಮುಂದಿನ ಭಾನುವಾರ ಊರ ಹಳೆಯ ಗೋಕಟ್ಟೆಯ ಶ್ರಮದಾನ. ಹಿಂದೆ ದನಗಳು ನೀರು ಕುಡಿಯುತ್ತಿದ್ದ ಕಟ್ಟೆಯಲ್ಲಿ ಈಗ ಹರಿದ ಹಾಸಿಗೆ, ಒಡೆದ ಕಮೋಡು ಎಲ್ಲ ಸೇರಿಕೊಂಡಿದ್ದವು. ಬೆಳಗಿನ ತಂಪಿನಲ್ಲೇ ಕೆಲಸ ಮುಗಿಯಿತು. ಗಂಗರತ್ನಮ್ಮ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು, ಬಳಗದ ಹಿರಿಯ ಪಿಳ್ಳಪ್ಪನವರು ಹಾರೆ ಹಿಡಿದು, ಮುನೇಶನ ಗೆಳೆಯ ಪುನೀತ್ ಕಸದ ನೀಲಿ ಡ್ರಮ್ಮಿಗೆ ಒರಗಿ, ಆನಂದಪ್ಪನವರು ಪೊರಕೆಯನ್ನು ರಾಜದಂಡದ ಹಾಗೆ ಎತ್ತಿ ನಿಂತಾಗ ಮುನೇಶ ಫೋಟೋ ಹೊಡೆದ. ಮದುವೆ ಫೋಟೋದಲ್ಲೂ ಅಷ್ಟು ಚೆನ್ನಾಗಿ ಬೆಳಕು ಬಿದ್ದಿರುವುದಿಲ್ಲ. ಹಾಕಿಬಿಡಬೇಕೆಂದು ಬೆರಳು ಕಡಿಯಿತು. ಆದರೂ ತಡೆದುಕೊಂಡು, ಸ್ನಾನ ಮಾಡಿ, ಅನುಮತಿ ಕೇಳಲು ಹೊರಟ.

ಮೊದಲು ಗಂಗರತ್ನಮ್ಮನ ಮನೆ. ಅವರು ಮಂಡಿಗೆ ಮುಲಾಮು ಹಚ್ಚಿಕೊಂಡು ಮಂಚದ ಮೇಲೆ ಕಾಲು ಚಾಚಿದ್ದರು. ಅಡುಗೆಮನೆಯಲ್ಲಿ ಸೊಸೆ ರಾಧಾಮಣಿ ಒಗ್ಗರಣೆ ಹಾಕುತ್ತಿದ್ದಳು. ಫೋಟೋ ನೋಡಿದ್ದೇ ಗಂಗರತ್ನಮ್ಮ ಮೊಬೈಲಿನ ಮೇಲೆ ಸೆರಗು ಮುಚ್ಚಿದರು.

"ಮೆಲ್ಲುಗ್ ಮಾತಾಡೋ. ಮಂಡಿ ನೋವು, ಬಗ್ಗಕ್ಕಾಗಲ್ಲ ಅಂತ ಎರಡ್ ತಿಂಗಳಿಂದ ಮನೆ ಕೆಲ್ಸ ಮುಟ್ಟಿಲ್ಲ ನಾನು. ಗುಡಿಗೋಯ್ತೀನಿ ಅಂತ ಏಳಿ ಬಂದಿದ್ದೆ. ಬುಟ್ಟಿ ಒತ್ತಿರೋದ್ ಇವ್ಳ್ ನೋಡುದ್ರೆ ನನ್ ಕತೆ ಮುಗೀತು. ನನ್ನ ತೆಗ್ದಾಕು."

ಬೆರಳಿನಿಂದ ಉಜ್ಜಿದರೆ ಮನುಷ್ಯರು ಮಾಯವಾಗುವ ಸೌಕರ್ಯ ಮುನೇಶನ ಮೊಬೈಲಿನಲ್ಲಿತ್ತು. ಉಜ್ಜಿದ. ಗಂಗರತ್ನಮ್ಮ ಮಾಯವಾದರು, ಬುಟ್ಟಿ ಗಾಳಿಯಲ್ಲೇ ನಿಂತಿತು. ಅದನ್ನೂ ಉಜ್ಜಬೇಕಾಯಿತು.

ಪಿಳ್ಳಪ್ಪನವರು ತಮ್ಮ ಬಾಡಿಗೆ ಮನೆಗಳ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ಇಲ್ಯಾಕ್ ಕೂತಿದೀರಣ್ಣ?"

"ಇವತ್ತು ಚಿಕ್ಕಬಾಣಾವರದಾಗೆ ನಮ್ ಬಾಮೈದಂದು ಗೃಹಪ್ರವೇಶ ಕಣೋ. ಓದ್ರೆ ದಿನವೆಲ್ಲ ಟೈಲ್ಸ್ ತೋರುಸ್ತಾನೆ. ತಿರುಪ್ತಿಗ್ ಓಗಿವ್ನಿ, ಬರಕ್ಕಾಗಲ್ಲ ಅಂತ ಏಳಿವ್ನಿ. ನನ್ ಮಕ ಪೇಜಾಗೆ ಬಂದ್ರೆ ಎಂಗಪ್ಪಾ?"

ಪಿಳ್ಳಪ್ಪನವರನ್ನೂ ಉಜ್ಜಿದ್ದಾಯಿತು.

ಪುನೀತ್ ಮನೆಯ ಹಿತ್ತಲಲ್ಲಿ ಒಂದು ಶರ್ಟಿಗೆ ನಿಂಬೆಹಣ್ಣು ತಿಕ್ಕುತ್ತಿದ್ದ. ಅವನ ನಿಶ್ಚಿತಾರ್ಥವಾಗಿ ತಿಂಗಳೂ ಆಗಿರಲಿಲ್ಲ. "ಮಗಾ, ಇದು ಅವ್ಳು ಕೊಡ್ಸಿದ್ ಶರ್ಟು. ಮದುವೆಗೆ ಹಾಕ್ಕೊಳ್ತೀನಿ, ಜೋಪಾನವಾಗಿ ಬೀರುನಲ್ಲಿಟ್ಟಿದೀನಿ ಅಂದಿದ್ದೆ. ಬೆಳಗ್ಗೆ ಕತ್ತಲಲ್ಲಿ ಕೈಗ್ ಸಿಕ್ಕಿದ್ದು ಹಾಕ್ಕೊಂಡ್ ಬಂದ್ಬಿಟ್ಟೆ. ನೀನ್ ಆ ಫೋಟೋ ಹಾಕಿದ್ರೆ ಮದುವೆ ಇಲ್ಲ, ಏನೂ ಇಲ್ಲ."

ಉಳಿದವರು ಅಧ್ಯಕ್ಷರೊಬ್ಬರೇ. ಆನಂದಪ್ಪನವರು ಫೋಟೋವನ್ನು ಹಿಗ್ಗಿಸಿ ತಮ್ಮ ಮುಖ ನೋಡಿಕೊಂಡು ಸಂತೋಷಪಟ್ಟರು. ಆಮೇಲೆ ಪೂರ್ತಿ ಫೋಟೋ ನೋಡಿ ಹುಬ್ಬು ಗಂಟಿಕ್ಕಿದರು.

"ಮಿಕ್ಕೋರೆಲ್ಲ ಎಲ್ಲೋದ್ರಯ್ಯ?"

"ಅವ್ರಿಗ್ ಇಷ್ಟ ಇಲ್ವಂತೆ ಸಾರ್."

"ಅಷ್ಟ್ ದೊಡ್ ಗೋಕಟ್ಟೇಲಿ ನಾನೊಬ್ನೇ ಪೊರಕೆ ಹಿಡ್ಕೊಂಡ್ ನಿಂತಿದ್ರೆ, ಬಳಗದಲ್ಲಿ ಜನಾನೇ ಇಲ್ಲ, ಅಧ್ಯಕ್ಷರ ಕೈಲೇ ಗುಡಿಸ್ತಾರೆ ಅಂತಾರೆ. ಮರ್ಯಾದೆ ಪ್ರಶ್ನೆ. ನಂದೂ ತೆಗಿ."

ಕೊನೆಗೆ ಫೋಟೋದಲ್ಲಿ ಗೋಕಟ್ಟೆ, ನೀಲಿ ಡ್ರಮ್ಮು ಮತ್ತು ಆಕಾಶ ಉಳಿದವು. ಮುನೇಶ ಅದನ್ನೇ ಪೇಜಿಗೆ ಏರಿಸಿ, 'ಬಳಗದವರ ಶ್ರಮದಾನದಿಂದ ನಮ್ಮ ಗೋಕಟ್ಟೆ ಶುಚಿಯಾಯಿತು' ಎಂದು ಬರೆದ. ತೇಜಸ್ವಿನಿಯ ಫೋನ್ ಬಂತು.

"ಎಲ್ಲರ ಪರ್ಮಿಷನ್ ಕೇಳಿದ್ರಾ ಅಣ್ಣಾ?"

"ಎಲ್ಲರನ್ನೂ ಕೇಳ್ದೆ ಕಣಮ್ಮ. ಅದಕ್ಕೇ ಯಾರೂ ಇಲ್ಲ."

"ಸೂಪರ್ ಅಣ್ಣಾ. ಹೀಗೇ ಮಾಡ್ಬೇಕು," ಎಂದು ಅವಳು ಮನಸಾರೆ ಮೆಚ್ಚಿಕೊಂಡಳು. ಮುನೇಶ ಹೊಟ್ಟೆ ತುಂಬ ಮುದ್ದೆ, ಬಸ್ಸಾರು ಉಂಡು, ಫ್ಯಾನಿನ ಕೆಳಗೆ ಅಡ್ಡಾದ. ಯಾರಿಗೂ ನೋವಾಗದ ಹಾಗೆ ಒಂದು ಕೆಲಸ ಮುಗಿಸಿದ ನೆಮ್ಮದಿಗೆ ತಕ್ಷಣ ನಿದ್ದೆ ಹತ್ತಿತು.

ಎದ್ದಾಗ ಮೊಬೈಲು ಬಾಣಲೆಗೆ ಬಿದ್ದ ಹಪ್ಪಳದಂತೆ ಒದ್ದಾಡುತ್ತಿತ್ತು.

ವಿದ್ಯಾರಣ್ಯಪುರದ ಇನ್ನೊಂದು ಯುವಕ ಸಂಘದ ವೀರಬಸಪ್ಪ ಎಂಬವರು ಫೋಟೋದ ಕೆಳಗೆ ಬರೆದಿದ್ದರು: 'ಶ್ರಮದಾನ ಮಾಡಿದವರು ಒಬ್ಬರೂ ಕಾಣುತ್ತಿಲ್ಲವಲ್ಲ? ಜೆಸಿಬಿ ಮಾಡಿದ ಕೆಲಸ ಇದ್ದ ಹಾಗಿದೆ. ಕೊಡಿಗೇಹಳ್ಳಿಯವರು ಬಗ್ಗಿ ಕೆಲಸ ಮಾಡಿದ್ದನ್ನು ನಾವಂತೂ ನೋಡಿಲ್ಲ.'

ಅದರ ಕೆಳಗೆ ಮೊದಲು ಸಿಡಿದವರು ಗಂಗರತ್ನಮ್ಮ. 'ಯಾವನಯ್ಯ ಜೆಸಿಬಿ ಅಂದೋನು? ಬೆಳಿಗ್ಗೆ ಪೂರ್ತಿ ಈ ತಲೆ ಮೇಲೆ ಮಣ್ಣು ಹೊತ್ತಿದೀನಿ. ಈಗಲೂ ಹೊರ್ತೀನಿ, ಬಂದು ನೋಡು.'

ಪಿಳ್ಳಪ್ಪನವರು ಬರೆಯುವ ಗೋಜಿಗೇ ಹೋಗಿರಲಿಲ್ಲ. ಸೀದಾ ಗೋಕಟ್ಟೆಗೆ ಹೋಗಿ, ಹಾರೆ ಹಿಡಿದು ಸೆಲ್ಫಿ ತೆಗೆದು ಹಾಕಿದ್ದರು. ತಿರುಪತಿಗೆ ಹೋದವರ ತಲೆ ತುಂಬ ಕೂದಲಿತ್ತು. ಪುನೀತನದಂತೂ ವಿಡಿಯೋ. ಕೆಸರಾದ ಶರ್ಟನ್ನು ಬಾವುಟದಂತೆ ಬೀಸಿ, 'ನೋಡ್ಕೊಳ್ರೋ, ಇದು ಕೊಡಿಗೇಹಳ್ಳಿ ಕೆಸರು' ಎಂದು ಗುಡುಗಿದ್ದ. ಆನಂದಪ್ಪನವರು ಪೊರಕೆ ಹಿಡಿದ ತಮ್ಮ ಚಿತ್ರವನ್ನು ಮೂರು ಸಲ ಹಾಕಿದ್ದರು.

ಮುನೇಶ ಗಾಬರಿಯಿಂದ ಒಂದೊಂದನ್ನೇ ಅಳಿಸತೊಡಗಿದ. ಅಳಿಸಿದ ಹಾಗೆಲ್ಲ 'ನನ್ನ ಕಮೆಂಟ್ ತೆಗೆದೋರು ಯಾರು?' ಎಂದು ಅವರು ಮತ್ತೆ ಹಾಕಿದರು. ಅಷ್ಟರಲ್ಲಿ ನೋಡಬಾರದವರೆಲ್ಲ ನೋಡಿಯಾಗಿತ್ತು.

ಸಂಜೆ ತುರ್ತು ಸಭೆ. ಗಂಗರತ್ನಮ್ಮ ರಾಗಿಹಿಟ್ಟು ಮೆತ್ತಿದ ಕೈಯಲ್ಲೇ ಬಂದರು. ರಾಧಾಮಣಿ ಜಗಳವಾಡಿರಲಿಲ್ಲ. ನಗುತ್ತಾ ಮುದ್ದೆ ಕೋಲನ್ನು ಕೈಗೆ ಕೊಟ್ಟು, "ಅಷ್ಟ್ ಮಣ್ಣು ಹೊತ್ತೋರಿಗೆ ಇದೇನ್ ಭಾರ ಅತ್ತೆ?" ಎಂದಿದ್ದಳು, ಅಷ್ಟೆ. ಪಿಳ್ಳಪ್ಪನವರ ಜೊತೆ ಅವರ ಬಾಮೈದನೇ ಬಂದಿದ್ದ. ಗೃಹಪ್ರವೇಶದ ಹೋಳಿಗೆ ಡಬ್ಬ ಹಿಡಿದು, ತಿರುಪತಿ ಲಡ್ಡು ಎಲ್ಲಿ ಎಂದು ಎಲ್ಲರನ್ನೂ ಕೇಳುತ್ತಿದ್ದ. ಪುನೀತನನ್ನು ಮಾತಾಡಿಸುವ ಹಾಗಿರಲಿಲ್ಲ. ಶರ್ಟಿನ ಬಗ್ಗೆ ಅವನಿಗಿನ್ನೂ ಫೋನಿನಲ್ಲಿ ವಿಚಾರಣೆ ನಡೆಯುತ್ತಿತ್ತು.

"ನಾನ್ ಯಾರ್ ಫೋಟೋನೂ ಹಾಕ್ಲಿಲ್ಲ," ಎಂದ ಮುನೇಶ. "ನಿಮ್ದ್ ನೀವೇ ಹಾಕ್ಕೊಂಡ್ರಿ."

"ಅದೇ ನಿನ್ ತಪ್ಪು," ಎಂದರು ಆನಂದಪ್ಪನವರು. "ನಮ್ಮನ್ನ ಯಾಕ್ ಹಾಕ್ಕೊಳ್ಳೋಕ್ ಬಿಟ್ಟೆ?"

ಮುನೇಶ ಕೈಮುಗಿದ. "ಸಾಕು ಸಾರ್. ಪೇಜ್ ಮುಚ್ಚಿಬಿಡೋಣ. ನಂಗೂ ನಿದ್ದೆ ಬರುತ್ತೆ."

ತೇಜಸ್ವಿನಿ ಒಪ್ಪಲಿಲ್ಲ. ತಪ್ಪು ಪೇಜಿನದಲ್ಲ, ಯೋಚಿಸದೆ ಒತ್ತುವ ಬೆರಳಿನದು; ಇನ್ನು ಮುಂದೆ ಬಳಗದವರು ಏನನ್ನು ಹಾಕುವುದಿದ್ದರೂ ಮೊದಲು ಸಮಾಧಾನವಿರುವ ಇನ್ನೊಬ್ಬರಿಗೆ ತೋರಿಸಿ, ಒಪ್ಪಿಗೆ ಪಡೆದು ಹಾಕಬೇಕು ಎಂದಳು. ಮಾತು ಎಲ್ಲರಿಗೂ ಹಿಡಿಸಿತು.

"ಆ ಇನ್ನೊಬ್ರು ಯಾರು?" ಎಂದರು ಪಿಳ್ಳಪ್ಪ.

ತಲೆಗಳೆಲ್ಲ ಟೇಬಲ್ ಫ್ಯಾನಿನಂತೆ ಮೆಲ್ಲಗೆ ತಿರುಗಿ ಮುನೇಶನ ಕಡೆ ನಿಂತವು. ಕೈಗಳು ಎದ್ದವು. ಸರ್ವಾನುಮತ. ಬಾಮೈದ ಕೂಡ ಕೈಯೆತ್ತಿದ್ದ.

ಮುನೇಶ ಮನೆಗೆ ಬಂದು, ಪಾಲಿಗೆ ಬಂದ ಹೋಳಿಗೆಗೆ ತುಪ್ಪ ಹಾಕಿಕೊಂಡು ಕೂತ. ಮೊದಲ ತುತ್ತು ಬಾಯಿಗಿಡುವಾಗ ಫೋನ್ ಬಂತು.

"ಮುನೇಶಾ, ನಾನು ಗಂಗರತ್ನಮ್ಮ. ನಮ್ಮಣ್ಣನ ಮಗಳ್ ಉಟ್ಟಿದಬ್ಬ. ವಾಟ್ಸಾಪಿಗೆ ಊವಿನ್ ಚಿತ್ರ ಆಕ್ಲಾ, ಕೇಕಿಂದು ಆಕ್ಲಾ?"

"ಹೂವ ಹಾಕಿ ಅತ್ತೆ."

"ಕೆಂಪುದಾ, ಅಳದೀದಾ?"

"ಹಳದೀದೇ ಹಾಕಿ."

ಹೋಳಿಗೆ ಚೆನ್ನಾಗಿತ್ತು. ಎರಡನೆಯ ತುತ್ತಿಗೆ ಆನಂದಪ್ಪನವರ ಫೋನ್ ಬಂತು.

"ಮುನೇಶ, ನಾಳೆ ಬೆಳಗ್ಗೆ ಐದ್ ಗಂಟೆಗೆ ಗ್ರೂಪಿಗೆ ಗುಡ್ ಮಾರ್ನಿಂಗ್ ಹಾಕ್ಬೇಕು ನಾನು. ಹನ್ನೆರಡು ಚಿತ್ರ ಆರಿಸಿಟ್ಟಿದೀನಿ. ಕಳಿಸ್ತೀನಿ, ಈಗ್ಲೇ ನೋಡಿ ಒಂದನ್ನ ಪಾಸ್ ಮಾಡ್ಬಿಡು. ಪಾಪ, ಬೆಳಗ್ಗೆ ಬೆಳಗ್ಗೆ ನಿನ್ ನಿದ್ದೆ ಯಾಕ್ ಕೆಡಿಸ್ಲಿ?"