ಕಿತ್ತು ನೆಡುವ ಭಾವ

ನಮ್ಮ ಭಾವನ ತೋಟದಲ್ಲಿ ಗಿಡವಾಗಿ ಹುಟ್ಟುವುದಕ್ಕಿಂತ ಈ ಪರದೇಶದ ಮಟಾಟು ಮಿನಿಬಸ್ಸಿನ ಟೈರಾಗಿ ಹುಟ್ಟುವುದು ವಾಸಿ! ಟೈರಿಗಾದರೂ ಟ್ರಾಫಿಕ್ ಜಾಮಿನಲ್ಲಿ ವಿಶ್ರಾಂತಿ ಸಿಗುತ್ತದೆ. ಭಾವನ ಗಿಡಕ್ಕೆ ಬೇರೂರಲು ಬಿಡುವು ಸಿಕ್ಕಿದ್ದು ಯಾವಾಗ?

ಭಾವ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್. ಹೈರಿಡ್ಜ್ ಬಡಾವಣೆಯ ಅವರ ಮನೆಯ ಗೇಟಿನ ಪಕ್ಕ ಅಲಂಕಾರಕ್ಕೆಂದು ನೆಟ್ಟ ಹುಲ್ಲು ಆಳೆತ್ತರ ಬೆಳೆದು ಕಾರನ್ನೇ ನುಂಗಿತ್ತು. ಬಂದ ನೆಂಟರು, ಮನೆ ಖಾಲಿ ಇರಬೇಕೆಂದು ವಾಪಸಾಗುತ್ತಿದ್ದರು.

"ಕತ್ತರಿಸಬಾರದೇ ಭಾವ?" ಎಂದೆ.

"ಕತ್ತರಿಸಿದರೆ ಸಾಲದು ಕಣೇ, ಬುಡ ಸೀಳಿ ಬೇರೆ ಬೇರೆ ನೆಡಬೇಕು. ನೋಡು, ನಡುವೆ ಪೂರ್ತಿ ಒಣಗಿದೆ, ಸುತ್ತ ಮಾತ್ರ ಜೀವ ಉಳಿದಿದೆ."

"ಹುಲ್ಲಿನ ವಿಷಯ ಹೇಳ್ತಿದ್ದೀರೋ, ನಿಮ್ಮ ತಲೆಯದೋ?"

ಭಾವ ಟೋಪಿ ಹಾಕಿಕೊಂಡರು. ಬುಡಕ್ಕೆ ಗುದ್ದಲಿ ಸೋತಿತು, ಗರಗಸವೂ ಸೋತಿತು. ಕೊನೆಗೆ ಅಕ್ಕ ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ ಈಳಿಗೆಮಣೆ ರಣರಂಗಕ್ಕಿಳಿಯಿತು!

"ರೀ! ಇನ್ನು ಹುರುಳಿಕಾಯಿ ಹೆಚ್ಚೋದು ಯಾತರಲ್ಲಿ?"

"ಇವತ್ತು ಮೊಸರನ್ನ ಸಾಕು ಬಿಡೆ!"

ಸೀಳಿದ್ದೆಲ್ಲ ಯಾರದೋ ಮನೆ ಸೇರಲೇಬೇಕಲ್ಲ? ಮುಥೈಗಾದಲ್ಲಿರುವ ಬಾಸ್ ಮನೆಯ ಪಾರ್ಟಿಗೆ ಭಾವ ಹಾಗೆಯೇ ಸೀಳಿದ ಡೇಲಿಲಿ ಹೂಗಿಡದ ಬುಡವನ್ನು ಬಣ್ಣದ ಕಾಗದದಲ್ಲಿ ಸುತ್ತಿ ಒಯ್ದರು. ಬಾಸ್ ಹೆಂಡತಿ ಅದನ್ನು ಈರುಳ್ಳಿ ಜಾತಿಯ ಸೊಪ್ಪೆಂದುಕೊಂಡು, "ಅಸಾಂಟೆ!" ಎಂದು ಧನ್ಯವಾದ ಹೇಳಿ ನೇರ ಅಡುಗೆಮನೆಗೆ ಕಳಿಸಿದರು. ಅಂದು ಭಾವ ಸೂಪ್ ಮುಟ್ಟಲಿಲ್ಲ. ಉಳಿದವರೆಲ್ಲ ಎರಡನೇ ಸಲ ಬಡಿಸಿಕೊಂಡರಂತೆ!

ರಿವರ್‌ಸೈಡ್‌ನ ನಮ್ಮ ಫ್ಲಾಟಿನ ಬಾಲ್ಕನಿಯಂತೂ ಕಾಡಾಯಿತು. ನನ್ನ ಮಗಳು ಬಾಗಿಲಲ್ಲೇ ತಡೆದಳು: "ದೊಡ್ಡಪ್ಪಾ, ನೋ ಮೋರ್ ಸ್ಪೇಸ್!"

"ಲಿಫ್ಟ್ ಪಕ್ಕ ಜಾಗ ಇದೆಯಲ್ಲ ಪುಟ್ಟಿ!"

ಹೋದ ಮಳೆಗಾಲಕ್ಕೆ ಮುಂಚೆ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಮೆಟ್ಟಿಲು ಹತ್ತುವಂತಿಲ್ಲವೆಂದು ಕೆಳಗಿನ ಹಿಂದಿನ ಕೋಣೆಯಲ್ಲಿ ಮಂಚ ಹಾಕಿದರು. ಕಿಟಕಿಯಾಚೆ ಬರೀ ಬೋಳು ಕಾಂಪೌಂಡು ಗೋಡೆ. ಮಾತಿನಮಲ್ಲಿಯಾದ ಅಕ್ಕ, ಮಾತನ್ನೇ ಬಿಟ್ಟುಬಿಟ್ಟಳು. ಏನು ಕೇಳಿದರೂ "ಹ್ಞೂಂ" ಅಷ್ಟೇ.

ಮಳೆ ಹಿಡಿದ ಮೇಲೆ ಒಂದು ಭಾನುವಾರ ನಾನು ಹೋದಾಗ ಭಾವ ಆ ಗೋಡೆಯ ಮುಂದೆ ಮೊಣಕಾಲುದ್ದ ಕೆಸರಿನಲ್ಲಿದ್ದರು. ಒಂದು ಹುಲ್ಲಿನ ಬುಡ ನೆಡುವುದು, ಒಳಗೆ ಓಡಿ ಬಂದು ಅಕ್ಕನ ದಿಂಬಿನ ಪಕ್ಕ ತಲೆಯಿಟ್ಟು ಕಿಟಕಿಯಾಚೆ ನೋಡುವುದು, ಮತ್ತೆ ಓಡಿ ಹೋಗಿ ಕಿತ್ತು ತುಸು ಎಡಕ್ಕೆ ನೆಡುವುದು. ಬಿಳಿ ಹಾಸಿಗೆಯ ತುಂಬ ಕೆಂಪು ಮಣ್ಣು. ನನಗೆ ನಗು ಬಂತು, ಆದರೆ ನಗಲಾಗಲಿಲ್ಲ.

ಹೊರಗಿನಿಂದ ಭಾವ ಕೂಗಿದರು: "ಈಗ ಕಾಣ್ತಿದೆಯೇನೇ?"

ಅಕ್ಕ ಮೆಲ್ಲಗೆ ಕತ್ತು ಹೊರಳಿಸಿದಳು. "ಎಲ್ಲಿ ಕಾಣುತ್ತೆ? ನೀವೇ ಅಡ್ಡ ನಿಂತಿದ್ದೀರಲ್ಲ!"

ಭಾವ ಗಾಬರಿಯಿಂದ ಪಕ್ಕಕ್ಕೆ ಸರಿದರು.

"ಸರೀಬೇಡಿ ರೀ," ಎಂದಳು ಅಕ್ಕ, "ಅಲ್ಲೇ ಸ್ವಲ್ಪ ಹೊತ್ತು ನಿಂತಿರಿ."