ಬಾಯಿ ತೆರೆದರೆ ಒಂದು

ನಲವತ್ತು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆದದ್ದೇ ಮೌನಿಗೆ ಮುಳುವಾಯಿತು.

ಅವನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿ ಎಣಿಸುವವನು. ಮೌನಿ ಎಂಬುದು ಅಡ್ಡಹೆಸರು. ಹನ್ನೊಂದು ವರ್ಷದಿಂದ ಅವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನಿಗೆ ಆಫೀಸಿನವರು ರೇಡಿಯೋ ಎನ್ನುತ್ತಿದ್ದರು. ವ್ಯತ್ಯಾಸ ಇಷ್ಟೆ, ರೇಡಿಯೋಗೆ ಆರಿಸುವ ಗುಂಡಿ ಇರುತ್ತದೆ.

ಈಗ ಎರಡು ಜಾಗ ಖಾಲಿಯಾಗಿದ್ದವು. ಒಂದು, ಹಿಂಬದಿಯ ಒಂಟಿ ಕೋಣೆ. ಅದಕ್ಕೊಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ. ಇನ್ನೊಂದು, ಮುಂಬದಿಯ ಕಿಟಕಿ. ಊರಿನ ಜನ ಬಾಟಲಿಯಲ್ಲಿ ನೀರು ತಂದು, "ವಾಸನೆ ನೋಡಿ ಸ್ವಾಮಿ" ಎಂದು ಅಲ್ಲಿ ಕೂತವನ ಮೂಗಿಗೇ ಹಿಡಿಯುತ್ತಿದ್ದರು. ವಾರದ ಹಿಂದಷ್ಟೇ ವರ್ಗವಾಗಿ ಬಂದಿದ್ದ ಮೇಡಂ, ಅಂತರ್ಮುಖಿಗೆ ಕೋಣೆ, ಬಹಿರ್ಮುಖಿಗೆ ಕಿಟಕಿ ಎಂದು ತೀರ್ಮಾನಿಸಿ ಇಬ್ಬರಿಗೂ ಸ್ವಭಾವ ಅಳೆಯುವ ಪ್ರಶ್ನೆಪತ್ರಿಕೆ ಕೊಟ್ಟರು.

ಮೌನಿ ಪ್ರತಿ ಪ್ರಶ್ನೆಗೂ ಎರಡು ಸಲ ಯೋಚಿಸಿ ಉತ್ತರಿಸಿದ. ಬಂದದ್ದು ಇಪ್ಪತ್ತು, ಸರಿಯಾಗಿ ಅರ್ಧ. ರೇಡಿಯೋ ತನ್ನ ಭಾವಮೈದುನನ ಕೊಳವೆಬಾವಿಯ ಕತೆ ಹೇಳುತ್ತಲೇ ಒಂದು ಬಿಟ್ಟು ಒಂದಕ್ಕೆ ಗುರುತು ಹಾಕಿದ್ದ. ಅವನಿಗೂ ಇಪ್ಪತ್ತೇ.

"ಇಬ್ಬರೂ ನಡುಮಧ್ಯ ನಿಂತಿದ್ದೀರಲ್ಲ. ಚೀಟಿ ಎತ್ತಿಸ್ಲಾ?" ಎಂದರು ಮೇಡಂ.

ವಿಜ್ಞಾನ ಓದಿದವನಿಗೆ ಚೀಟಿಯೇ? "ಬೇಡ ಮೇಡಂ, ಅಳೆಯೋಣ" ಎಂದ ಮೌನಿ. ಸೂಕ್ಷ್ಮಜೀವಿ ಎಣಿಸುವ ಎರಡು ಡಬ್ಬಿ ತಂದ. ಅಂಗೈಯಗಲದ ಡಬ್ಬಿ, ಹೆಬ್ಬೆರಳಲ್ಲಿ ಒತ್ತಿದರೆ 'ಟಕ್' ಎಂದು ಅಂಕಿ ಒಂದು ಏರುತ್ತದೆ. ನಿಯಮವನ್ನೂ ತಾನೇ ಬರೆದ: 'ಬಾಯಿ ತೆರೆದರೆ ಒಂದು. ಮಾತು ಮುಗಿದು ಬಾಯಿ ಮುಚ್ಚುವವರೆಗೆ ಅದು ಒಂದೇ. ಸಂಜೆ ಐದಕ್ಕೆ ಕಡಿಮೆ ಬಂದವರಿಗೆ ಕೋಣೆ.' ಇಬ್ಬರೂ ಸಹಿ ಹಾಕಿದರು. ಟೈಪಿಸ್ಟಮ್ಮ ಸಾಕ್ಷಿ.

ಡಬ್ಬಿಯಲ್ಲಿ ನಾಲ್ಕೇ ಅಂಕಿಗೆ ಜಾಗ. ಪಾಪ, ರೇಡಿಯೋಗೆ ಮಧ್ಯಾಹ್ನದೊಳಗೆ ಸಾಲದೆ ಹೋಗುತ್ತದಲ್ಲ ಎಂದು ಮೌನಿಗೆ ಕನಿಕರವಾಯಿತು.

ಹತ್ತು ಗಂಟೆಗೆ ಕಾವಲುಗಾರ ಬಂದ. "ನಮಸ್ಕಾರ ಸಾರ್."

"ನಮಸ್ಕಾರ." ಟಕ್.

"ಏನ್ ಸಾರ್ ಅದು, ಟಕ್ ಅಂತು?"

"ಏನಿಲ್ಲ." ಟಕ್.

"ಮತ್ತೆ ಟಕ್ ಅಂತು ಸಾರ್."

"ಅದು ಏನಿಲ್ಲ ಅಂದಿದ್ದಕ್ಕೆ." ಟಕ್.

"ಈಗಿಂದು ಯಾತಕ್ಕೆ?"

ಅವನನ್ನು ಸಾಗಹಾಕುವಷ್ಟರಲ್ಲಿ ಹನ್ನೊಂದಾಗಿತ್ತು. ಗಂಟೆಯಲ್ಲ, ಡಬ್ಬಿ. ಮೌನಿ ಒಂದು ರಟ್ಟಿನ ಮೇಲೆ 'ಮಾತಾಡುವುದಿಲ್ಲ' ಎಂದು ಬರೆದು ಕೊರಳಿಗೆ ತೂಗಿಹಾಕಿಕೊಂಡ. ಅದನ್ನು ಓದಲು ಮೇಲಿನ ಮಹಡಿಗೆ ಮಹಡಿಯೇ ಇಳಿದು ಬಂತು. "ಹಲ್ಲು ಕೀಳಿಸಿರ್ಬೇಕು" ಎಂದು ಕಾವಲುಗಾರ ತೀರ್ಪು ಕೊಟ್ಟ. ಯಾರೋ ಕನಿಕರದಿಂದ ಮೌನಿಯ ಮನೆಗೆ ಫೋನು ಮಾಡಿದರು. ಐದೇ ನಿಮಿಷಕ್ಕೆ ಹೆಂಡತಿಯ ಕರೆ ಬಂತು.

"ರೀ, ಹಲ್ಲು ಕೀಳಿಸ್ಕೊಂಡ್ರಂತೆ?"

"ಹ್ಞೂಂಹ್ಞೂಂ." ಇದಕ್ಕೆ ಬಾಯಿ ತೆರೆಯಬೇಕಿಲ್ಲವೆಂದು ಕಂಡುಕೊಂಡ ಮೌನಿ ಹಿಗ್ಗಿದ.

"ನನಗೊಂದು ಮಾತು ಹೇಳ್ಬಾರ್ದಾ? ಯಾವ ಕಡೆದು?"

"ಹ್ಞೂಂಹ್ಞೂಂ."

"ಏನದು ಹ್ಞೂಂ? ಪಕ್ಕದಲ್ಲಿ ಯಾರಿದ್ದಾರೆ? ಬಾಯಿ ಬಿಡಿ ಮೊದ್ಲು."

ಬಿಟ್ಟ. ಹಲ್ಲು ಕೀಳಿಸಿಲ್ಲವೆಂದು ಹೇಳಲು ಹದಿನಾರು ಟಕ್, ಅವಳು ನಂಬಲು ಇನ್ನೊಂಬತ್ತು. ಆಮೇಲೆ ಫೋನು ಅತ್ತೆಯ ಕೈಗೆ ಹೋಯಿತು.

ಮೂರು ಗಂಟೆಗೆ ಡಬ್ಬಿ ನಲವತ್ತಮೂರು ತೋರಿಸುತ್ತಿತ್ತು. ಇನ್ನು ಜನರ ಸಹವಾಸವೇ ಬೇಡವೆಂದು ಮೌನಿ ಸೂಕ್ಷ್ಮಜೀವಿ ಬೆಳೆಸುವ ಬಿಸಿಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ. ಮೂವತ್ತೇಳು ಡಿಗ್ರಿ. ಸುತ್ತ ಕೋಟಿಗಟ್ಟಲೆ ಜೀವಿಗಳು, ಒಂದಾದರೂ 'ಏನ್ ಸಮಾಚಾರ' ಎನ್ನಲಿಲ್ಲ. ಐದಕ್ಕೆ ಐದು ನಿಮಿಷವಿದ್ದಾಗ, ಬೆಂದ ಗೆಣಸಿನಂತೆ ಮೆತ್ತಗಾಗಿ, ಆದರೆ ಗೆದ್ದ ಮುಖದಲ್ಲಿ ಹೊರಬಂದ.

ಮೇಡಂ ಅವರ ಮೇಜಿನ ಮೇಲೆ ಡಬ್ಬಿ ಇಟ್ಟ. ನಲವತ್ತಮೂರು. ರೇಡಿಯೋ, ಕೊಳವೆಬಾವಿಗೆ ಮೋಟಾರು ಇಳಿಸುವ ಘಟ್ಟದಲ್ಲಿದ್ದವನು, ಕತೆ ನಿಲ್ಲಿಸದೆಯೇ ತನ್ನ ಡಬ್ಬಿ ಮುಂದಿಟ್ಟ.

ಮೂರು.

"ಮೂರಾ? ಡಬ್ಬಿ ಕೆಟ್ಟಿದೆ ಮೇಡಂ." ಟಕ್. ಹೆಬ್ಬೆರಳಿಗೆ ಅಭ್ಯಾಸವಾಗಿಬಿಟ್ಟಿತ್ತು.

"ಇಲ್ಲ ಸಾರ್, ನಾನೇ ಸಾಕ್ಷಿ" ಎಂದಳು ಟೈಪಿಸ್ಟಮ್ಮ. "ಬೆಳಿಗ್ಗೆ ಬಾಯಿ ತೆಗೆದ್ರು, ಊಟಕ್ಕೆ ಅಂತ ಮುಚ್ಚಿದ್ರು. ಊಟ ಆದ್ಮೇಲೆ ತೆಗೆದ್ರು, ಟೀ ಕುಡಿಯೋಕೆ ಮುಚ್ಚಿದ್ರು. ಟೀ ಆದ್ಮೇಲೆ ತೆಗೆದಿದ್ದು ನೋಡಿ, ಇನ್ನೂ ಮುಚ್ಚಿಲ್ಲ."

ಮೇಡಂ ನಿಯಮದ ಹಾಳೆಯನ್ನು ಇನ್ನೊಮ್ಮೆ ಓದಿದರು. 'ಮುಚ್ಚುವವರೆಗೆ ಅದು ಒಂದೇ.' "ಅಕ್ಷರ ನಿಮ್ದೇ ಅಲ್ವಾ?"

"ನಂದೇ, ಆದ್ರೆ..." ಟಕ್.

"ನಲವತ್ತೈದು ಸಲ ಜನರ ಜೊತೆ ಮಾತಾಡೋರನ್ನ ಒಳಗೆ ಕೂಡಿಹಾಕೋದು ನನಗೂ ಪಾಪ. ನಾಳೆಯಿಂದ ಕಿಟಕಿಗೆ ಬನ್ನಿ."

ರೇಡಿಯೋ ಪ್ರೀತಿಯಿಂದ ಮೌನಿಯ ಹೆಗಲ ಮೇಲೆ ಕೈ ಹಾಕಿದ. "ಮೋಟಾರು ಇಳಿಸಿದ್ದು ಹಾಗಿರ್ಲಿ, ನೀವೇನೂ ಬೇಜಾರು ಮಾಡ್ಕೋಬೇಡಿ. ಆ ಕೋಣೇಲಿ ಒಬ್ಬನೇ ಕೂತ್ರೆ ನನಗೆ ಹೊತ್ತೆಲ್ಲಿ ಹೋಗುತ್ತೆ? ಬೆಳಿಗ್ಗೆ ಅದಕ್ಕೊಂದು ಬೀಗ ಜಡಿದು, ಕುರ್ಚಿ ತಗೊಂಡು ನಿಮ್ಮ ಕಿಟಕಿ ಹತ್ರಾನೇ ಬಂದ್ಬಿಡ್ತೀನಿ. ಬಾವಿ ಕತೆ ಬೇರೆ ಅರ್ಧಕ್ಕೆ ನಿಂತಿದೆ."

ಮೌನಿ ಏನೋ ಹೇಳಲು ಬಾಯಿ ತೆರೆದ. ಆದರೆ ರೇಡಿಯೋದ ಮೂರನೆಯ ಮಾತು ಇನ್ನೂ ಮುಗಿದಿರಲಿಲ್ಲ.